ಬೆಮಿಡ್ಜಿಯ ಮರಳಿನಡಿ

ಪೈನ್ ಮರಗಳ ನಡುವಿನ ಬಯಲು. ಹುಲ್ಲಿನೊಳಗಿಂದ ಅಲ್ಲೊಂದು ಇಲ್ಲೊಂದು ಕೊಳವೆ ತಲೆ ಎತ್ತಿದೆ, ಒಂದೊಂದಕ್ಕೂ ಮುಚ್ಚಳ, ಒಂದೊಂದಕ್ಕೂ ಸಂಖ್ಯೆ. ಇಂಥವು ಇಲ್ಲಿ ನೂರಾರಿವೆ. ಯಾವುದರಿಂದಲೂ ಕುಡಿಯಲು ನೀರೆತ್ತುವುದಿಲ್ಲ. ಇವು ನೆಲದಡಿಯ ನೀರನ್ನು ವಿಚಾರಿಸಿಕೊಳ್ಳಲೆಂದೇ ಕೊರೆದ ಬಾವಿಗಳು.

ಅಮೆರಿಕದ ಮಿನ್ನೆಸೋಟ ರಾಜ್ಯದ ಬೆಮಿಡ್ಜಿ ಊರಿನ ಹೊರಗೆ, 1979ರ ಆಗಸ್ಟ್ 20ರಂದು ಕಚ್ಚಾತೈಲದ ಪೈಪ್‌ಲೈನ್ ಒಡೆದು ಸುಮಾರು 17 ಲಕ್ಷ ಲೀಟರ್ ಎಣ್ಣೆ ಹೊರಚೆಲ್ಲಿತು. ಪಂಪ್ ಮಾಡಿ, ಸುಟ್ಟು, ಮಣ್ಣು ಬಗೆದು ಮುಕ್ಕಾಲು ಪಾಲು ತೆಗೆದರು. ಉಳಿದ ಸುಮಾರು 4 ಲಕ್ಷ ಲೀಟರ್ ಮರಳಿನೊಳಗೆ ಇಳಿದು ಅಂತರ್ಜಲದ ನೆತ್ತಿಯ ಮೇಲೆ ನಿಂತುಬಿಟ್ಟಿತು. 1983ರಿಂದ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಅದರ ಜಾಡು ಹಿಡಿದಿದ್ದಾರೆ. ಒಂದು ದಿನದ ಅವಘಡದ ತನಿಖೆಗೆ ದಶಕಗಳೇ ಹಿಡಿದಿವೆ.

ಇಂಥ ಜಾಗದಲ್ಲಿ ಕೆಲಸ ಶುರುವಾಗುವುದು ಒಂದು ಟೇಪಿನಿಂದ. ಸುರುಳಿ ಬಿಚ್ಚುತ್ತ ತುದಿಯ ಉಕ್ಕಿನ ಕಡ್ಡಿಯನ್ನು ಬಾವಿಯೊಳಗೆ ಬಿಡುತ್ತಾರೆ. ಕಡ್ಡಿಗೆ ಎಣ್ಣೆ ತಾಗಿದರೆ ಟೇಪು ಒಂದೇ ಸಮನೆ ಕೂಗುತ್ತದೆ. ಎಣ್ಣೆ ದಾಟಿ ನೀರು ಮುಟ್ಟಿದರೆ ಬಿಟ್ಟುಬಿಟ್ಟು ಬೀಪ್ ಅನ್ನುತ್ತದೆ. ಎರಡರ ನಡುವಿನ ಅಳತೆ ಬಾವಿಯಲ್ಲಿ ತೇಲುವ ಎಣ್ಣೆಯ ದಪ್ಪ. ಅದನ್ನೇ ಸುತ್ತಲಿನ ಮಣ್ಣಿನ ಲೆಕ್ಕವೆಂದು ನಂಬಿದರೆ ಮೋಸ ಹೋದಂತೆ. ಬಾವಿಯೊಳಗೆ ಎಣ್ಣೆ ಇರುವುದಕ್ಕಿಂತ ದಪ್ಪವಾಗಿ ಕಾಣುವುದೇ ಹೆಚ್ಚು.

ಆಮೇಲೆ ನೀರಿನ ಮಾದರಿ. 40 ಮಿಲಿಲೀಟರಿನ ಪುಟ್ಟ ಗಾಜಿನ ಸೀಸೆಗೆ ನೀರನ್ನು ಕಂಠದ ಮೇಲೆ ಉಬ್ಬುವಷ್ಟು ತುಂಬಿ ಬಿರಡೆ ತಿರುಗಿಸುತ್ತಾರೆ. ತಲೆಕೆಳಗು ಮಾಡಿ ಬೆರಳಲ್ಲಿ ತಟ್ಟಿ ಬೆಳಕಿಗೆ ಹಿಡಿಯುತ್ತಾರೆ. ಒಳಗೆ ಗುಳ್ಳೆ ಕಂಡರೆ ಆ ಸೀಸೆ ಬೇಡ, ಇನ್ನೊಂದು. ಎಣ್ಣೆಯಿಂದ ಬಂದ ಬೆಂಜೀನ್ ಎಂಬ ವಿಷ ನೀರು ಬಿಟ್ಟು ಗುಳ್ಳೆಯೊಳಗಿನ ಗಾಳಿಗೆ ಸೇರಿಕೊಂಡರೆ ಪ್ರಯೋಗಾಲಯದಲ್ಲಿ ವಿಷ ಕಡಿಮೆಯೆಂಬ ಸುಳ್ಳು ಅಂಕಿ ಬರುತ್ತದೆ. ಈ ಸಣ್ಣ ತಾಳ್ಮೆ ಇಲ್ಲದ ಕಡೆ ದೊಡ್ಡ ವರದಿಗಳಿಗೆ ಬೆಲೆಯಿಲ್ಲ ಎಂದೇ ನನ್ನ ನಂಬಿಕೆ.

ಮಣ್ಣು ತೆಗೆಯುವುದು ಇನ್ನೂ ಕಷ್ಟ. ನೀರಿನಡಿಯ ಸಡಿಲ ಮರಳು ಕೊಳವೆ ಮೇಲೆತ್ತಿದೊಡನೆ ಜಾರಿಹೋಗುತ್ತದೆ. ಅದಕ್ಕೆ ಇಲ್ಲಿ ಕೊಳವೆಯ ತುದಿಯನ್ನು ದ್ರವರೂಪದ ಕಾರ್ಬನ್ ಡೈಆಕ್ಸೈಡಿನಿಂದ ಹೆಪ್ಪುಗಟ್ಟಿಸಿ, ಮರಳು, ನೀರು, ಎಣ್ಣೆ ಇದ್ದದ್ದು ಇದ್ದ ಹಾಗೆಯೇ ಮೇಲೆ ತಂದರು. ಕಬ್ಬಿಣದ ಲೇಪ ಹೊತ್ತ ಮರಳು ಕಂದು. ಎಣ್ಣೆ ಸೋಕಿದ ಕಡೆ ಆ ಕಂದು ಸವೆದು ಬೂದಿಬಣ್ಣ.

ಆ ಬಣ್ಣ ತಿಂದದ್ದು ಬ್ಯಾಕ್ಟೀರಿಯಾ. ಎಣ್ಣೆ ಅವಕ್ಕೆ ಊಟ. ಉಸಿರಾಡಲು ಆಮ್ಲಜನಕ ಮುಗಿದ ಮೇಲೆ ಅವು ಮರಳಿಗಂಟಿದ ಕಬ್ಬಿಣವನ್ನೇ ಬಳಸಿಕೊಂಡವು. ಎಣ್ಣೆಯಲ್ಲಿರುವ ಟೊಲ್ಯೂಯಿನ್‌ನಂಥವನ್ನು ಹೀಗೆ ಒಡೆಯಬಲ್ಲ ಜೀವಿಗಳಿವೆ ಎಂದು 1989ರಲ್ಲಿ ವಿಜ್ಞಾನಿ ಡೆರೆಕ್ ಲವ್ಲಿ ಮತ್ತು ಸಂಗಡಿಗರು ತೋರಿಸಿಕೊಟ್ಟರು; ಅದಕ್ಕೆ ಬಳಸಿದವುಗಳಲ್ಲಿ ಈ ನೆಲದ ಮರಳೂ ಇತ್ತು. ನೆಲ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತದೆ ಎಂಬ ಮಾತಿಗೆ ಬೆಮಿಡ್ಜಿ ಜಗತ್ತಿಗೇ ಸಾಕ್ಷಿಯಾಯಿತು. ಹೊಲಸು ಮಾಡಿದವರಿಗೆ ಇದಕ್ಕಿಂತ ಹಿತವಾದ ಸುದ್ದಿ ಇಲ್ಲ. ಸುಮ್ಮನೆ ಕೂತರೂ ಆದೀತು!

ಆಗದು. ಆ ಕಬ್ಬಿಣದ ಲೇಪ ನೆಲದಲ್ಲಿ ಮೊದಲೇ ಇದ್ದ ಆರ್ಸೆನಿಕ್ಕನ್ನು ಬಿಗಿಹಿಡಿದಿತ್ತು. ಲೇಪ ಕರಗಿದಾಗ ಅದೂ ಬಿಡುಗಡೆಯಾಯಿತು. ಸಂಶೋಧಕಿ ಇಸಾಬೆಲ್ ಕೊಝರೆಲ್ಲಿ ಮತ್ತು ತಂಡದವರು ಇಲ್ಲಿನ ನೀರಿನಲ್ಲಿ ಲೀಟರಿಗೆ 230 ಮೈಕ್ರೋಗ್ರಾಂವರೆಗೂ ಆರ್ಸೆನಿಕ್ ಕಂಡರು. ಕುಡಿಯುವ ನೀರಿಗೆ ಇರುವ ಮಿತಿ 10. ಚೆಲ್ಲಿದ್ದು ಎಣ್ಣೆ, ಎದ್ದು ಬಂದದ್ದು ಇನ್ನೊಂದು ವಿಷ.

ನೆಲದಡಿಯ ನೀರಿಗೆ ಎಣ್ಣೆ ಸೇರುವುದು ನಮ್ಮಲ್ಲೂ ಉಂಟು: 2013ರಲ್ಲಿ ಚೆನ್ನೈನ ತೊಂಡಿಯಾರ್‌ಪೇಟೆಯ ಕೊಳವೆಬಾವಿಗಳಲ್ಲಿ ಎಣ್ಣೆ ಬೆರೆತ ನೀರು ಬಂದಿತ್ತು. ಎಣ್ಣೆಯಾದರೆ ಮೂಗಿಗೆ ಸಿಕ್ಕುತ್ತದೆ. ಆರ್ಸೆನಿಕ್‌ಗೆ ವಾಸನೆಯಿಲ್ಲ, ರುಚಿಯಿಲ್ಲ, ಬಣ್ಣವಿಲ್ಲ. ನಮ್ಮ ಪೆಟ್ರೋಲ್ ಬಂಕು, ಡಿಪೋಗಳ ಆಸುಪಾಸಿನ ಬಾವಿನೀರನ್ನು ಪರೀಕ್ಷೆಗೆ ಕಳಿಸುವಾಗ ಬೆಂಜೀನಿನ ಜೊತೆಗೆ ಕಬ್ಬಿಣ, ಆರ್ಸೆನಿಕ್ ಎರಡನ್ನೂ ನೋಡಿ ಎಂದು ಚೀಟಿಯಲ್ಲಿ ಬರೆಸಬೇಕು. ವಾಸನೆ ಹೋದ ಮೇಲೂ ಕಳಿಸುತ್ತಿರಬೇಕು.