ಡೆಕ್ ಒಪ್ಪಿದ್ದೇ ವಿಮಾನ: ಬೆಂಗಳೂರಿನ ತೇಜಸ್ ಬಿಟ್ಟು ನೌಕಾಪಡೆ ರಫೇಲ್ ತಂದಿದ್ದೇಕೆ?

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ ಸಮುದ್ರ ಇಲ್ಲ. ಕೋಲಾರದ ಕಡೆ ಊರಿನ ಹೆಸರಲ್ಲಿ ಸಮುದ್ರ ಬಂತು ಅಂದ್ರೆ ಅದು ಕೆರೆ, ಅದೂ ಮಳೆ ಚೆನ್ನಾಗಿ ಬಿದ್ದ ವರ್ಷ. ನಿಜವಾದ ಸಮುದ್ರ ನೋಡಬೇಕಂದ್ರೆ ರಾಜ್ಯದ ಇನ್ನೊಂದು ತುದಿಗೆ, ಕಾರವಾರಕ್ಕೆ ಹೋಗಬೇಕು. ಹಾಗಂತ ವಿಮಾನವಾಹಕ ನೌಕೆಯ ವಿಚಾರ ನಮಗೆ ಸಂಬಂಧವಿಲ್ಲದ್ದು ಅಂದುಕೊಳ್ಳಬೇಡಿ. ಇಲ್ಲಿಂದ ಹೆದ್ದಾರಿ ಹಿಡಿದು ಹೊಸಕೋಟೆ, ಕೆ.ಆರ್. ಪುರ ದಾಟಿದರೆ ಎಚ್‌ಎಎಲ್. ನೌಕಾಪಡೆಗೆಂದೇ ರೂಪಿಸಿದ ತೇಜಸ್ ಯುದ್ಧವಿಮಾನ ಹುಟ್ಟಿದ್ದು ಅಲ್ಲಿ. ಅದು ಇಳಿದ ಹಡಗು ಐಎನ್‌ಎಸ್ ವಿಕ್ರಮಾದಿತ್ಯದ ನೆಲೆ ಕಾರವಾರ. ಅಂದ್ರೆ ವಿಮಾನವೂ ಕರ್ನಾಟಕದ್ದು, ಹಡಗು ಕಟ್ಟೋ ದಡವೂ ಕರ್ನಾಟಕದ್ದು.

ಆದರೆ 2025ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರ ಸಹಿ ಹಾಕಿದ್ದು ಫ್ರಾನ್ಸ್ ಜೊತೆ: 26 ರಫೇಲ್ ಮರೀನ್ ವಿಮಾನ, ಸುಮಾರು 63,000 ಕೋಟಿ ರೂಪಾಯಿ. ಇದರಲ್ಲಿ ಶಸ್ತ್ರ, ತರಬೇತಿ, ನಿರ್ವಹಣೆ ಎಲ್ಲ ಸೇರಿದೆ, ನಿಜ. ಆದರೂ ಒಂದು ಹೋಲಿಕೆ ನೋಡಿ. ಕೊಚ್ಚಿಯಲ್ಲಿ ಕಟ್ಟಿದ ಇಡೀ ವಿಕ್ರಾಂತ್ ಹಡಗಿಗೆ ಆದ ಖರ್ಚು ಸುಮಾರು 20,000 ಕೋಟಿ. ಹಡಗಿನ ಮೂರು ಪಟ್ಟು ದುಡ್ಡು ಅದರ ಮೇಲೆ ನಿಲ್ಲೋ ವಿಮಾನಕ್ಕೆ!

ಸೋಷಿಯಲ್ ಮೀಡಿಯಾದಲ್ಲಿ ಇದಕ್ಕೆ ಎರಡೇ ಉತ್ತರ ಸಿಗುತ್ತೆ. ಒಂದು ಕಡೆಯವರು ‘ಮೇಕ್ ಇನ್ ಇಂಡಿಯಾ ಬರೀ ಬೊಗಳೆ’ ಅಂತಾರೆ, ಇನ್ನೊಂದು ಕಡೆಯವರು ‘ಸೇನೆಯನ್ನ ಪ್ರಶ್ನಿಸಬೇಡಿ’ ಅಂತಾರೆ. ಎರಡರಲ್ಲೂ ಹಡಗಿನ ಡೆಕ್ ಬಗ್ಗೆ ಮಾತಿಲ್ಲ. ಅಸಲಿ ಕತೆ ಇರೋದೇ ಅಲ್ಲಿ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇ 4 ಕಿಲೋಮೀಟರ್ ಉದ್ದ. ವಿಕ್ರಾಂತ್ ಹಡಗಿನ ಒಟ್ಟು ಉದ್ದವೇ 262 ಮೀಟರ್. ಇಷ್ಟು ಜಾಗದಲ್ಲಿ ಯುದ್ಧವಿಮಾನವನ್ನ ಹಾರಿಸೋದು ಹೇಗೆ? ಮುಖ್ಯವಾಗಿ ಎರಡು ದಾರಿ.

ಮೊದಲನೆಯದು ಕ್ಯಾಟಪಲ್ಟ್. ಹೊಲದಲ್ಲಿ ಹಕ್ಕಿ ಓಡಿಸೋಕೆ ಕವಣೆ ಬೀಸಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ: ಕಲ್ಲಿಗೆ ಸ್ವಂತ ಶಕ್ತಿ ಇಲ್ಲ, ವೇಗ ಕೊಡೋದು ಕವಣೆ. ಡೆಕ್ಕಿನ ಕೆಳಗಿರೋ ಯಂತ್ರ ವಿಮಾನದ ಮುಂದಿನ ಚಕ್ರವನ್ನ ಹಿಡಿದೆಳೆದು ಎರಡು–ಮೂರು ಸೆಕೆಂಡಿನಲ್ಲಿ ಗಂಟೆಗೆ 250 ಕಿಲೋಮೀಟರಿಗೂ ಹೆಚ್ಚು ವೇಗ ಕೊಟ್ಟು ಎಸೆಯುತ್ತೆ. ಹಿಂದೆ ಇದಕ್ಕೆ ಹಬೆ ಬಳಸುತ್ತಿದ್ದರು, ಈಗ ವಿದ್ಯುತ್ಕಾಂತ ಬಂದಿದೆ.

ಎರಡನೆಯದು ಸ್ಕೀ ಜಂಪ್. ಡೆಕ್ಕಿನ ಮೂತಿಯನ್ನ ಮೇಲಕ್ಕೆ ಬಾಗಿಸಿ ಇಳಿಜಾರಿನ ತದ್ವಿರುದ್ಧ ಏರುಜಾರು ಮಾಡಿರುತ್ತಾರೆ. ವಿಮಾನ ತನ್ನ ಎಂಜಿನ್ ಬಲದಿಂದಲೇ ಓಡಿ, ಆ ಏರಿನಿಂದ ಚಿಮ್ಮಬೇಕು. ಯಂತ್ರ ಇಲ್ಲ, ಹಾಗಾಗಿ ಖರ್ಚೂ ಕಮ್ಮಿ, ಕೆಡೋದೂ ಕಮ್ಮಿ. ಆದರೆ ಎಂಜಿನ್ ಎಷ್ಟು ತಳ್ಳುತ್ತೋ ಅಷ್ಟೇ ಭಾರ ಹೊರಬಹುದು. ಪೂರ್ತಿ ಇಂಧನ ತುಂಬಿಸಿದರೆ ಬಾಂಬು ಬಿಡಬೇಕು, ಬಾಂಬು ತುಂಬಿಸಿದರೆ ಇಂಧನ ಬಿಡಬೇಕು, ಹೆಚ್ಚುಕಮ್ಮಿ ಹಾಗೆ.

ಇಳಿಯೋದು ಇನ್ನೂ ಕಷ್ಟ. ವಿಮಾನದ ಬಾಲದ ಕೊಕ್ಕೆ ಡೆಕ್ಕಿನ ಅಡ್ಡ ಕಟ್ಟಿದ ಉಕ್ಕಿನ ಹಗ್ಗಕ್ಕೆ ಸಿಕ್ಕಿಕೊಳ್ಳಬೇಕು, ಸುಮಾರು 90 ಮೀಟರಿನಲ್ಲಿ ನಿಲ್ಲಬೇಕು. ಚಕ್ರ ಡೆಕ್ ಮುಟ್ಟಿದ ಕ್ಷಣ ಪೈಲಟ್ ಬ್ರೇಕ್ ಹಾಕೋದಿಲ್ಲ, ಎಂಜಿನ್ನನ್ನ ಪೂರ್ತಿ ಎಬ್ಬಿಸುತ್ತಾನೆ. ಕೊಕ್ಕೆ ತಪ್ಪಿದರೆ ಮತ್ತೆ ಹಾರಲೇಬೇಕಲ್ಲ. ನೆಲದ ಮೇಲಿನ ಹಾಗೆ ಮೆಲ್ಲಗೆ ಕೂರಿಸೋ ಮಾತೇ ಇಲ್ಲ, ವಿಮಾನವನ್ನ ಹೆಚ್ಚುಕಮ್ಮಿ ಕುಕ್ಕಿ ಇಳಿಸುತ್ತಾರೆ. ಅದಕ್ಕೇ ನೌಕಾ ವಿಮಾನದ ಕಾಲು, ಬೆನ್ನು ಎಲ್ಲ ಗಟ್ಟಿಯಾಗಿರಬೇಕು. ಗಟ್ಟಿ ಅಂದ್ರೆ ಭಾರ. ಇದನ್ನ ನೆನಪಿಟ್ಟುಕೊಳ್ಳಿ.

ಅಮೆರಿಕದ ಹತ್ತಿರ 11 ದೊಡ್ಡ ವಾಹಕಗಳಿವೆ, ಎಲ್ಲ ಅಣುಶಕ್ತಿಯವು, ಎಲ್ಲದಕ್ಕೂ ಕ್ಯಾಟಪಲ್ಟ್. ಸುಮಾರು ಒಂದು ಲಕ್ಷ ಟನ್ನಿನ ಈ ಹಡಗುಗಳಿಂದ ಯುದ್ಧವಿಮಾನದ ಜೊತೆಗೆ ಬೆನ್ನ ಮೇಲೆ ತಟ್ಟೆಯಂಥ ರಾಡಾರ್ ಹೊತ್ತ ಹಾಕ್‌ಐ ವಿಮಾನವೂ ಹಾರುತ್ತೆ. ನೂರಾರು ಕಿಲೋಮೀಟರ್ ಆಚೆಯ ಶತ್ರುವನ್ನ ಕಾಣೋ ಕಣ್ಣು ಅದು. ನಮ್ಮ ಹಡಗುಗಳಲ್ಲಿ ಆ ಕೆಲಸ ಕಾಮೋವ್-31 ಹೆಲಿಕಾಪ್ಟರಿನದು. ಅಷ್ಟು ಎತ್ತರಕ್ಕೆ ಹೋಗಲ್ಲ, ಅಷ್ಟು ಹೊತ್ತು ಗಾಳಿಯಲ್ಲಿ ಇರಲ್ಲ. ಫ್ರಾನ್ಸಿನ ಚಾರ್ಲ್ಸ್ ಡಿ ಗಾಲ್ ಗಾತ್ರದಲ್ಲಿ ನಮ್ಮ ಹಡಗುಗಳಷ್ಟೇ, ಆದರೆ ಅಣುಶಕ್ತಿ, ಕ್ಯಾಟಪಲ್ಟ್, ಹಾಕ್‌ಐ ಮೂರೂ ಇವೆ. ಇರೋದು ಮಾತ್ರ ಒಂದೇ ಹಡಗು. ಅದು ರಿಪೇರಿಗೆ ಹೋದರೆ ಫ್ರಾನ್ಸಿಗೆ ವಾಹಕವೇ ಇಲ್ಲ.

ಬ್ರಿಟನ್ 65,000 ಟನ್ನಿನ ಎರಡು ಹಡಗು ಕಟ್ಟಿ ಸ್ಕೀ ಜಂಪ್ ಇಟ್ಟಿತು, ನೆಟ್ಟಗೆ ಇಳಿಯಬಲ್ಲ ಎಫ್-35ಬಿ ಕೊಂಡಿತು. 2010ರಲ್ಲಿ ಕ್ಯಾಟಪಲ್ಟಿಗೆ ಬದಲಾಯಿಸ್ತೀವಿ ಅಂದರು, ಲೆಕ್ಕ ನೋಡಿ ಹೌಹಾರಿ 2012ರಲ್ಲಿ ವಾಪಸ್ ಹಳೇ ದಾರಿಗೆ ಬಂದರು. (2025ರ ಜೂನ್‌ನಲ್ಲಿ ತಿರುವನಂತಪುರದಲ್ಲಿ ಇಳಿದು ತಿಂಗಳಿಗೂ ಹೆಚ್ಚು ಕಾಲ ಕದಲದೆ ನಿಂತು ಕೇರಳ ಟೂರಿಸಂ ಮೀಮ್ ಆಗಿದ್ದು ಇದೇ ವಿಮಾನ.) ಚೀನಾ ಉಕ್ರೇನಿನಿಂದ ಅರೆಬರೆ ಹಡಗು ತಂದು ಸ್ಕೀ ಜಂಪ್‌ನ ಲಿಯಾವೊನಿಂಗ್ ಮಾಡಿಕೊಂಡಿತು, ಅದನ್ನ ನೋಡಿ ಶಾಂಡೊಂಗ್ ಕಟ್ಟಿತು, ಮೂರನೆಯದಾದ ಫುಜಿಯನ್‌ಗೆ ನೇರ ವಿದ್ಯುತ್ಕಾಂತೀಯ ಕ್ಯಾಟಪಲ್ಟ್ ಹಾಕಿತು. ಮೊದಲ ಹಡಗು ಸೇವೆಗೆ ಬಂದಿದ್ದು 2012ರಲ್ಲಿ, ಮೂರನೆಯದು 2025ರಲ್ಲಿ. ಹದಿಮೂರೇ ವರ್ಷ.

ನಮ್ಮದು ಉಲ್ಟಾ ಪ್ರಯಾಣ. 1961ರಲ್ಲಿ ಸೇವೆಗೆ ಬಂದ ಹಳೇ ವಿಕ್ರಾಂತ್‌ಗೆ ಹಬೆ ಕ್ಯಾಟಪಲ್ಟ್ ಇತ್ತು! 1971ರ ಯುದ್ಧದಲ್ಲಿ ಬಾಯ್ಲರ್ ಬಿರುಕು ಬಿಟ್ಟು ವೇಗ ತಗ್ಗಿಸಿಕೊಂಡಿದ್ದ ಆ ಹಡಗಿನಿಂದಲೇ ಸೀ ಹಾಕ್, ಅಲಿಝೆ ವಿಮಾನಗಳು ಹಾರಿ ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದ್ದು. ಆಮೇಲೆ ಇದ್ದ ಜಾಗದಲ್ಲೇ ಏರಿ ಇಳಿಯಬಲ್ಲ ಸೀ ಹ್ಯಾರಿಯರ್ ಬಂತು. ಅದಕ್ಕೆ ಕ್ಯಾಟಪಲ್ಟ್ ಬೇಡ. ವಿಕ್ರಾಂತ್‌ನದ್ದನ್ನ ಕಿತ್ತು ಸ್ಕೀ ಜಂಪ್ ಕೂರಿಸಿದರು. ಅಲ್ಲಿಂದ ನಾವು ಮತ್ತೆ ಕವಣೆ ಮುಟ್ಟಿಲ್ಲ.

2004ರಲ್ಲಿ ರಷ್ಯಾದ ಹಳೇ ಗೋರ್ಷ್‌ಕೋವ್ ಹಡಗಿನ ಒಪ್ಪಂದ ಆಯ್ತು. ಹಡಗಿನ ದೇಹ ಪುಕ್ಕಟೆ, ರಿಪೇರಿಗೆ ಮತ್ತು ಮಿಗ್-29ಕೆ ವಿಮಾನಗಳಿಗೆ ದುಡ್ಡು. ಪುಕ್ಕಟೆ ಎಮ್ಮೆಯ ಕತೆ ಗೊತ್ತಲ್ಲ, ಕೊಟ್ಟಿಗೆಗೆ ಬಂದ ಮೇಲೆ ಲೆಕ್ಕ ಶುರು. 97.4 ಕೋಟಿ ಡಾಲರ್ ಅಂತ ಹೇಳಿದ್ದ ರಿಪೇರಿ 235 ಕೋಟಿ ಡಾಲರಿಗೆ ಮುಟ್ಟಿತು, 2008ಕ್ಕೆ ಬರಬೇಕಿದ್ದ ಹಡಗು 2013ರ ನವೆಂಬರ್‌ನಲ್ಲಿ ಕೈಗೆ ಬಂತು. ವಿಮಾನದ ಕತೆ ಇನ್ನೂ ಕೆಟ್ಟದು. ಮಿಗ್-29ಕೆ ಹಾರಲು ಸಿದ್ಧವಿದ್ದ ಪ್ರಮಾಣ ಶೇ 15.93ರಿಂದ ಶೇ 37.63ರಷ್ಟು ಮಾತ್ರ ಅಂತ 2016ರ ಸಿಎಜಿ ವರದಿ ಹೇಳಿತು. ಹತ್ತು ವಿಮಾನ ನಿಂತಿದ್ದರೆ ನಾಲ್ಕೂ ಏಳಲ್ಲ ಅಂತ ಅರ್ಥ.

ಈ ಹೊತ್ತಿಗೆ ಕೊಚ್ಚಿಯಲ್ಲಿ ಹೊಸ ವಿಕ್ರಾಂತ್ ಏಳುತ್ತಿತ್ತು, ಅದೇ ಮಿಗ್‌ಗಳನ್ನ ಮನಸ್ಸಲ್ಲಿಟ್ಟುಕೊಂಡು. ಸ್ಕೀ ಜಂಪ್ ಹಾಗೇ, ವಿಮಾನ ಮೇಲೆತ್ತೋ ಲಿಫ್ಟೂ ಆ ಲೆಕ್ಕಕ್ಕೇ. ಮಿಗ್‌ನ ರೆಕ್ಕೆ ಮಡಚುತ್ತೆ. ಈಗ ಬರ್ತಿರೋ ರಫೇಲ್ ಮರೀನ್‌ನದು ಮಡಚಲ್ಲ, ಸುಮಾರು 11 ಮೀಟರ್ ಅಗಲ. ಒಂದು ಹಳೇ ಹಡಗಿನ ಜೊತೆ ಬಂದ ವಿಮಾನ ಮುಂದಿನ ಹಡಗಿನ ಅಳತೆಯನ್ನೂ ತೀರ್ಮಾನಿಸಿಬಿಟ್ಟಿತು.

ಬೆಂಗಳೂರಿನ ತೇಜಸ್ ಸಿಕ್ಕಿಬಿದ್ದಿದ್ದು ಇಲ್ಲೇ. ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿಯ ಎಂಜಿನಿಯರುಗಳು ಅದರ ಮೂತಿ ಬಗ್ಗಿಸಿ ಪೈಲಟ್‌ಗೆ ಡೆಕ್ ಕಾಣುವ ಹಾಗೆ ಮಾಡಿದರು, ಕಾಲು ಗಟ್ಟಿ ಮಾಡಿದರು, ಕೊಕ್ಕೆ ಹಾಕಿದರು. ಮೊದಲ ಹಾರಾಟ 2012ರ ಏಪ್ರಿಲ್‌ನಲ್ಲಿ. ಆದರೆ ಎಂಜಿನ್ ಒಂದೇ, ಅಮೆರಿಕದ ಎಫ್-404. ಭಾರ ಏರಿತು, ತಳ್ಳೋ ಬಲ ಏರಲಿಲ್ಲ. ಕವಣೆ ಇದ್ದಿದ್ದರೆ ಆ ಕೊರತೆಯನ್ನ ಹಡಗು ತುಂಬಿಕೊಡುತ್ತಿತ್ತೇನೋ, ಸ್ಕೀ ಜಂಪ್ ಕೊಡಲ್ಲ. 2016ರ ಡಿಸೆಂಬರ್‌ನಲ್ಲಿ ಆಗಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ ಈ ವಿಮಾನ ವಾಹಕದ ಕೆಲಸಕ್ಕೆ ತೀರಾ ಭಾರ ಅಂತ ಬಹಿರಂಗವಾಗೇ ಹೇಳಿದರು.

ಆದರೂ ಎಂಜಿನಿಯರುಗಳು ಬಿಡಲಿಲ್ಲ. 2020ರ ಜನವರಿ 11ರಂದು ಕಮೋಡೋರ್ ಜೈದೀಪ್ ಮಾವಳಂಕರ್ ತೇಜಸ್ಸನ್ನ ವಿಕ್ರಮಾದಿತ್ಯದ ಮೇಲೆ ಕೊಕ್ಕೆ ಹಾಕಿ ಇಳಿಸಿದರು, ಮರುದಿನ ಸ್ಕೀ ಜಂಪಿನಿಂದ ಹಾರಿಸಿದರು. ಸ್ವಂತ ವಿಮಾನವನ್ನ ಹೀಗೆ ಹಗ್ಗಕ್ಕೆ ಇಳಿಸಿದ ದೇಶಗಳು ಬೆರಳೆಣಿಕೆಯಷ್ಟು. ಇದನ್ನ ‘ಫೇಲ್’ ಅಂತ ಬರೆಯೋದು ನನಗೆ ಸರಿ ಕಾಣಲ್ಲ. ಅಲ್ಲಿ ಕಲಿತದ್ದರ ಮೇಲೆಯೇ ಈಗ ಎರಡು ಎಂಜಿನ್ನಿನ ನೌಕಾ ವಿಮಾನದ ವಿನ್ಯಾಸ ನಡೀತಿದೆ. ಅದು ಇನ್ನೂ ಹಾರಿಲ್ಲ. ಆ ಖಾಲಿ ಜಾಗ ತುಂಬೋಕೆ ರಫೇಲ್, ಅದೂ ಪೂರ್ತಿ ಬಂದು ಮುಗಿಯೋದು 2030ಕ್ಕೆ. ಕವಣೆಗೆಂದು ಹುಟ್ಟಿದ ರಫೇಲ್ ಕೂಡ ವಿಕ್ರಾಂತ್ ಮೇಲೆ ಎಂಜಿನ್ ಬಲವನ್ನೇ ನಂಬಬೇಕು. ಫ್ರಾನ್ಸಿನ ಡೆಕ್ಕಿನಿಂದ ಹೊರುವಷ್ಟು ಭಾರ ಇಲ್ಲಿಂದ ಹೊರೋದು ಕಷ್ಟ.

ಈಗ ಮೂರನೇ ವಾಹಕದ ಚರ್ಚೆ. 2020ರಲ್ಲಿ ಆಗಿನ ಸಿಡಿಎಸ್ ಬಿಪಿನ್ ರಾವತ್ ವಾಹಕಕ್ಕಿಂತ ಜಲಾಂತರ್ಗಾಮಿ ಮೊದಲು ಅನ್ನೋ ಧಾಟಿಯಲ್ಲಿ ಮಾತಾಡಿದ್ದರು, ನೌಕಾಪಡೆ ಒಪ್ಪಲಿಲ್ಲ. ಮೊದಲು 65,000 ಟನ್ನಿನ, ಕ್ಯಾಟಪಲ್ಟ್ ಇರೋ ಹಡಗು ಅಂದರು, ಆಮೇಲೆ ವಿಕ್ರಾಂತ್ ಗಾತ್ರದ್ದೇ ಇನ್ನೊಂದು ಸಾಕು ಅನ್ನೋ ಮಾತು ಬಂತು. 2025ರ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಸಚಿವಾಲಯ ಬಿಡುಗಡೆ ಮಾಡಿದ ಮುಂದಿನ 15 ವರ್ಷದ ಅಗತ್ಯಗಳ ಪಟ್ಟಿಯಲ್ಲಿ ವಿದ್ಯುತ್ಕಾಂತೀಯ ಕ್ಯಾಟಪಲ್ಟ್ ಮತ್ತೆ ಕಾಣಿಸಿಕೊಂಡಿದೆ. ಬೇಕೋ ಬೇಡವೋ ಅಂತ ಕೇಳೋದಕ್ಕೆ ಮುಂಚೆ ಯಾವ ಡೆಕ್ ಅಂತ ಕೇಳಬೇಕು. ಹಳೇ ಅಳತೆಯ ಸ್ಕೀ ಜಂಪ್ ಹಡಗು ಕಟ್ಟಿದರೆ ಅದರ ಮೇಲೆ ಮುಂದಿನ ನಲವತ್ತು ವರ್ಷ ಏನು ಹಾರಬಹುದು ಅನ್ನೋದು ಇವತ್ತೇ ನಿಗದಿ ಆಗುತ್ತೆ, ಬೆಂಗಳೂರಿನ ಹೊಸ ವಿನ್ಯಾಸದ ಹಣೆಬರಹವೂ ಅದರೊಳಗೇ ಇದೆ.

ಇನ್ನೊಂದು ಖರ್ಚು ಯಾವ ಒಪ್ಪಂದದಲ್ಲೂ ಬರೆದಿರಲ್ಲ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಸೀಬರ್ಡ್ ಯೋಜನೆಗೆ ಕಾರವಾರ, ಅಂಕೋಲಾದ ಕರಾವಳಿ ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋದವು. ರೈತರು ಗದ್ದೆ ಬಿಟ್ಟರು, ಮೀನುಗಾರರು ದೋಣಿ ಎಳೆಯುತ್ತಿದ್ದ ದಡ ಬಿಟ್ಟರು. ಪರಿಹಾರಕ್ಕಾಗಿ ಕೋರ್ಟು, ಕಚೇರಿ ಅಂತ ದಶಕಗಳೇ ಅಲೆದರು. ವಾಹಕ ದಡಕ್ಕೆ ಬಂದು ಕಟ್ಟಿದಾಗ ಅದರ ಮೇಲಿನ ವಿಮಾನಗಳು ಹಾರೋಕಾಗಲ್ಲ, ಹಡಗು ಓಡ್ತಿರುವಾಗಲೇ ಅವನ್ನ ನೆಲದ ರನ್‌ವೇಗೆ ಕಳಿಸಬೇಕು. ಈಗ ಆ ನೆಲ ಗೋವಾದ ಐಎನ್‌ಎಸ್ ಹಂಸ. ಕಾರವಾರ ನೆಲೆಗೂ ಒಂದು ರನ್‌ವೇ ಬೇಕು ಅಂತ ಅಂಕೋಲಾದ ಅಲಗೇರಿಯಲ್ಲಿ ಮತ್ತೆ ಜಮೀನು ಕೇಳಿದ್ದಾರೆ.