ನಾಲಿಗೆ ಮರೆತದ್ದು, ಕಿವಿ ಮರೆಯದ್ದು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಮಗ ಅಮೆರಿಕಕ್ಕೆ ಹೋಗಿ ಬಹಳ ವರ್ಷವಾಯಿತಂತೆ. ಈ ಸಲ ಬಂದವನು ಅಡುಗೆಮನೆಯಲ್ಲಿ ಈಳಿಗೆಮಣೆಯ ಎದುರೇ ನಿಂತು, ‘ಅಮ್ಮಾ, ಆ ಅದು... ಕಾಯಿ ತುರಿಯೋದು...’ ಎಂದು ಕೈಯಾಡಿಸಿದನಂತೆ. ‘ಹುಟ್ಟಿದ ಮನೆಯ ಮಾತು ಮರೆಯುವುದುಂಟೆ? ಇದು ಜಂಬವಲ್ಲದೆ ಇನ್ನೇನು?’ ಎಂಬುದು ಪ್ರಶ್ನೆ.

ಪಾಪ, ಹುಡುಗನನ್ನು ಬಯ್ಯಬೇಡಿ. ದಿನವಿಡೀ ಇಂಗ್ಲಿಷಿನಲ್ಲಿ ವ್ಯವಹರಿಸುವ ಮಿದುಳು, ನಡುನಡುವೆ ನುಗ್ಗಿ ಬರುವ ಕನ್ನಡವನ್ನು ಅದುಮಿಡಲೇಬೇಕು. ಅದಕ್ಕೆ ವರ್ಷಗಳೇ ಬೇಕೆಂದೂ ಇಲ್ಲ. ಸ್ಪೇನಿನಲ್ಲಿ ಕೆಲವೇ ತಿಂಗಳು ಇದ್ದ ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಸೇರಿದ ವಸ್ತುಗಳ ಹೆಸರನ್ನು ಪಟಪಟನೆ ಹೇಳಿ ಎಂದಾಗ ಅವರು ಹುಟ್ಟುಭಾಷೆಯಾದ ಇಂಗ್ಲಿಷಿನಲ್ಲೇ ಹಿಂದೆ ಬಿದ್ದರು. ಊರಿಗೆ ಮರಳಿದ ಮೇಲೆ ಸರಿಹೋದರು. ಹೀಗೆ ಮೊದಲು ಜಾರುವುದು ವಸ್ತುಗಳ ಹೆಸರು; ವ್ಯಾಕರಣ ಅಷ್ಟು ಬೇಗ ಅಲುಗುವುದಿಲ್ಲ.

ದೊಡ್ಡವರಿಗೆ ಇಷ್ಟೇ. ಆದರೆ ಸುಮಾರು 12 ವರ್ಷಕ್ಕೆ ಮೊದಲೇ ಭಾಷೆಯ ನಂಟು ಕಡಿದುಹೋದರೆ ಕತೆ ಬೇರೆ. ಕೊರಿಯಾದಲ್ಲಿ ಹುಟ್ಟಿ, 3ರಿಂದ 8 ವರ್ಷದೊಳಗೆ ಫ್ರಾನ್ಸಿನ ಕುಟುಂಬಗಳಿಗೆ ದತ್ತು ಹೋದ ಕೆಲವರನ್ನು ಕ್ರಿಸ್ತೋಫ್ ಪಾಲಿಯೆ ಎಂಬ ವಿಜ್ಞಾನಿ ಸ್ಕ್ಯಾನರಿನಲ್ಲಿ ಮಲಗಿಸಿ ಕೊರಿಯನ್ ವಾಕ್ಯ ಕೇಳಿಸಿದರು. 2003ರಲ್ಲಿ ಬಂದ ಫಲಿತಾಂಶ ನೋಡಿದರೆ ಎದೆ ಝಲ್ಲೆನ್ನುತ್ತದೆ: ಎಂಟು ವರ್ಷದವರೆಗೆ ಆಡಿ, ಅತ್ತು, ಜಗಳವಾಡಿದ್ದ ಭಾಷೆಯೂ ಅವರ ಮಿದುಳಿಗೆ ಗೊತ್ತಿಲ್ಲದ ಇನ್ನೊಂದು ಭಾಷೆಯಷ್ಟೇ ಅಪರಿಚಿತ.

ಹಾಗಾದರೆ ಪೂರ್ತಿ ಅಳಿಸಿಹೋಯಿತೆ? ಇಲ್ಲಿದೆ ನನಗೆ ಬಹಳ ಇಷ್ಟವಾದ ಪ್ರಯೋಗ. ಚಂದ್ರ, ಮಗಳು, ಮುಖವಾಡ: ಈ ಮೂರಕ್ಕೆ ಕೊರಿಯನ್ನಿನಲ್ಲಿರುವ ಪದಗಳು ನಮ್ಮ ಕಿವಿಗೆ ಹೆಚ್ಚುಕಡಿಮೆ ಒಂದೇ, ‘ತಾಲ್’. ಕೊರಿಯನ್ನರಿಗೆ ಅವುಗಳ ಮೊದಲಿಗಿರುವುದು ಮೂರು ಬೇರೆ ಬೇರೆ ವ್ಯಂಜನ. ಒಂದು ಸಡಿಲ, ಒಂದು ಗಂಟಲು ಬಿಗಿಹಿಡಿದದ್ದು, ಒಂದು ಉಸಿರು ಚಿಮ್ಮುವ ಮಹಾಪ್ರಾಣ. ತ, ಥ ಬಲ್ಲ ನಮಗೇ ಮೂರನ್ನೂ ಬೇರ್ಪಡಿಸುವುದು ಕಷ್ಟ. ಮಹಾಪ್ರಾಣವೇ ಇಲ್ಲದ ಡಚ್ಚರ ಪಾಡು ಕೇಳಬೇಡಿ. ಜಿಯೂನ್ ಚೋಯ್ ಮತ್ತು ಸಂಗಡಿಗರು ಕೊರಿಯಾದಿಂದ ನೆದರ್ಲೆಂಡ್ಸಿಗೆ ದತ್ತು ಬಂದಿದ್ದ 29 ಜನರನ್ನೂ ಅಷ್ಟೇ ಮಂದಿ ಅಪ್ಪಟ ಡಚ್ಚರನ್ನೂ ಕೂರಿಸಿ ಇವೇ ವ್ಯಂಜನಗಳನ್ನು ಕಲಿಸಿದರು. ದತ್ತು ಬಂದವರಿಗೂ ಆಗ ಮೂವತ್ತರ ಆಸುಪಾಸು. ಕೊರಿಯನ್ ಒಂದು ಪದವೂ ನೆನಪಿಲ್ಲ. ಮೊದಲ ದಿನ ಎರಡೂ ಗುಂಪಿನ ಉಚ್ಚಾರ ಒಂದೇ ಮಟ್ಟದಲ್ಲಿತ್ತು. ಎರಡು ವಾರದೊಳಗಿನ ತರಬೇತಿ ಮುಗಿದಾಗ ಕೊರಿಯನ್ನರೇ ಕೇಳಿ ಅಂಕ ಕೊಟ್ಟರು: ದತ್ತು ಬಂದವರು ಡಚ್ಚರನ್ನು ಹಿಂದೆ ಹಾಕಿದ್ದರು!

ಇನ್ನೂ ಸೋಜಿಗವೆಂದರೆ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕೊರಿಯಾ ಬಿಟ್ಟಾಗ ಆರು ತಿಂಗಳೂ ತುಂಬಿರಲಿಲ್ಲ. ಹಲ್ಲು ಬಂದಿಲ್ಲ, ‘ಅಮ್ಮ’ ಎಂದಿಲ್ಲ. ಆದರೂ ಹದಿನೇಳು ತಿಂಗಳು ತುಂಬಿದ ಮೇಲೆ ಬಂದವರಿಗಿಂತ ಅವರೇನೂ ಕಡಿಮೆಯಿರಲಿಲ್ಲ. 2017ರಲ್ಲಿ ಇದು ಪ್ರಕಟವಾಯಿತು. ಬಾಯಿ ತೆರೆಯುವ ಮೊದಲೇ ಕೂಸು ತಾಯ್ನುಡಿಯ ಲೆಕ್ಕಾಚಾರ ಶುರುಮಾಡಿರುತ್ತದೆ.

ನಮ್ಮಲ್ಲಿ ಮಗುವೊಂದು ಅರ್ಥವಾಗದ ನಾಲ್ಕು ಶಬ್ದ ಉಸುರಿದರೆ ಸಾಕು, ಪೂರ್ವಜನ್ಮದ ಭಾಷೆಯೆಂದು ಟೀವಿಯವರು ಮೈಕ್ ಹಿಡಿದು ಓಡುತ್ತಾರೆ. ಸಿನಿಮಾದಲ್ಲಂತೂ ತಲೆಗೆ ಪೆಟ್ಟು ಬಿದ್ದರೆ ಎಲ್ಲ ನೆನಪೂ ಹಾಜರು. ಸ್ವಾಮಿ, ಈ ಜನ್ಮದ ಮೊದಲ ಆರು ತಿಂಗಳೇ ಇಷ್ಟು ಬೆರಗಿನದಾಗಿರುವಾಗ ಹಿಂದಿನದರ ಗೊಡವೆ ಯಾಕೆ? ಮರೆತ ಭಾಷೆ ಥಟ್ಟನೆ ಮರಳುವುದೂ ಇಲ್ಲ; ನೆದರ್ಲೆಂಡ್ಸಿನ ಆ ಕೊರಿಯನ್ನರು ಕೂಡ ದಿನಗಟ್ಟಲೆ ಕೂತು ಅಭ್ಯಾಸ ಮಾಡಿದ ಮೇಲೆಯೇ ಮುಂದೆ ಹೋದದ್ದು.

ಶಿಶುವಿನ ಕಿವಿಗೆ ಬಿದ್ದದ್ದೆಲ್ಲ ಉಳಿಯುತ್ತದೆಂದೂ ಇಲ್ಲ. ಅಮೆರಿಕದ ಮನೋವಿಜ್ಞಾನಿ ಹೆರಾಲ್ಡ್ ಬರ್ಟ್ ತನ್ನ ಮಗನಿಗೆ 15 ತಿಂಗಳಿಂದ 3 ವರ್ಷದವರೆಗೆ ಸೋಫೋಕ್ಲಿಸನ ನಾಟಕದ ಸಾಲುಗಳನ್ನು ಮೂಲ ಗ್ರೀಕಿನಲ್ಲಿ ದಿನಾ ಓದಿ ಹೇಳಿದ. ಎಂಟೂವರೆ ವರ್ಷಕ್ಕೆ ಆ ಸಾಲುಗಳನ್ನು ಬಾಯಿಪಾಠ ಮಾಡಲು ಹುಡುಗನಿಗೆ ಹೊಸ ಸಾಲುಗಳಿಗಿಂತ ಕಾಲು ಪಾಲಿಗೂ ಹೆಚ್ಚು ಶ್ರಮ ಉಳಿಯಿತು. 14ಕ್ಕೆ ಶೇ. 8. 18ಕ್ಕೆ ಏನೂ ಇಲ್ಲ. ದಿನಕ್ಕೊಮ್ಮೆ ಅಪ್ಪ ಓದುವ ಗ್ರೀಕಿಗೂ, ಹಗಲಿರುಳು ಎತ್ತಿ ಆಡಿಸುವವರ ಮಾತಿಗೂ ವ್ಯತ್ಯಾಸ ಇದ್ದೇ ಇದೆಯಲ್ಲ!