ಬಾಲ ಎತ್ತಿದ ಯೆಜ್ಡಿ... ನೆಲ ಕಚ್ಚಿದ ಡ್ಯೂಪ್!

ತೆರೆಯ ಮೇಲೆ ಹೀರೋ ತಿರುವಿನಲ್ಲಿ ಬೈಕು ಮಲಗಿಸಿದರೆ ನೀವು ಶಿಳ್ಳೆ ಹೊಡೀತೀರಿ. ಹೆಲ್ಮೆಟ್ಟಿನೊಳಗಿರೋನು ಹೀರೋ ಅಲ್ಲ, ದಿನಗೂಲಿಯ ಡ್ಯೂಪ್ ಅನ್ನೋದು ನಿಮಗೂ ಗೊತ್ತು. ಆದರೆ ಆ ಬೈಕು ಯಾರದು, ಅದರ ಹಿಂಭಾಗಕ್ಕೆ ಯಾವ ಪುಣ್ಯಾತ್ಮ ಏನು ಮಾಡಿಸಿದ್ದಾನೆ ಅನ್ನೋದು ಗೊತ್ತಾ? ಒಂದು ಸಲ ಆ ಪುಣ್ಯಾತ್ಮ ನಾನೇ ಆಗಿದ್ದೆ ಸ್ವಾಮಿ!

ನನ್ನ ಹತ್ತಿರ ಸೋದರಮಾವನ ಹಳೇ ಯೆಜ್ಡಿ 250 ಇದೆ. ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಗಾಡಿ. ಅದನ್ನು ಹೆತ್ತ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿಗಳು ಮಾತ್ರ ಇನ್ನೂ ಹೊಗೆ ಬಿಡುತ್ತಾ ಓಡ್ತಿವೆ. ಹಳೇ ಕಾಲದ ಕಥೆಯ ಸಿನಿಮಾಗಳಿಗೆ ಇಂಥದ್ದೇ ಬೇಕು. ಬರವಣಿಗೆಯಲ್ಲಿ ಹುಟ್ಟದ ಕಾಸು ಬಾಡಿಗೆಯಲ್ಲಿ ಹುಟ್ಟುತ್ತೆ ಅಂತ ಶೂಟಿಂಗಿಗೆ ಕೊಡತೊಡಗಿದೆ. (ಸಂಪಾದಕರು ಈ ಸಾಲು ಹೊಡೆದು ಹಾಕದಿದ್ದರೆ ಸಾಕು!)

ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಆದರೆ ನನಗೆ ಶೋಕಿ. ಗೂಳಿ ಬಾಲ ಎತ್ತಿದ ಹಾಗೆ ಹಿಂದುಗಡೆ ಎತ್ತರ ಕಾಣಬೇಕು! ಗುಜರಿಯಲ್ಲಿ ಯಾವುದೋ ಭಾರೀ ಗಾಡಿಯ ಜೋಡಿ ಶಾಕ್ ಅಬ್ಸಾರ್ಬರ್ ಸಿಕ್ಕಿತು. ಗ್ಯಾರೇಜಿನವರ ಬಾಯಲ್ಲಿ ಅದು 'ಶಾಕಪ್ಸರ್'. ಮೊದಲಿದ್ದುದಕ್ಕಿಂತ ಎರಡಿಂಚು ಉದ್ದ. ಬುಷ್ ಹೊಂದಿಸಿ ಸಿಕ್ಕಿಸಿದೆ. ಸೆಂಟರ್ ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲ ಬಿಡಲೊಲ್ಲದು. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಸ್ಟ್ಯಾಂಡಿನಡಿ ಒಂದು ಮರದ ತುಂಡು ಇಟ್ಟು ಸುಮ್ಮನಾದೆ.

ಶ್ರೀರಂಗಪಟ್ಟಣದ ಕಡೆ ಒಂದು ನಾಲೆ ರಸ್ತೆ. ಚೇಸಿಂಗ್ ದೃಶ್ಯ. ಡ್ಯೂಪ್ ನನ್ನ ಬಾಲ್ಯದ ಗೆಳೆಯ, ಹೆಸರು ಬೇಡ. ಒಂದು ರೌಂಡ್ ಹೊಡೆದು ಬಂದವನೇ, "ಮಗಾ, ಹ್ಯಾಂಡಲ್ ಯಾಕೋ ತುಂಬಾ ಹಗುರ. ಹಿಂದೆ ಏನಾದ್ರೂ ಮಾಡ್ಸಿದ್ಯೇನೋ?" ಅಂದ. ಬಾಡಿಗೆ ಎಲ್ಲಿ ಕೈತಪ್ಪುತ್ತೋ ಅಂತ ಭಯ ನನಗೆ. "ಏನಿಲ್ಲ ಕಣೋ, ಸರ್ವೀಸ್ ಮಾಡ್ಸಿದೀನಿ ಅಷ್ಟೇ" ಅಂದುಬಿಟ್ಟೆ.

ಮೂರನೇ ಟೇಕ್. ತಿರುವಿನ ಮಧ್ಯೆ ಸಾಲಾಗಿ ನಾಲ್ಕೈದು ಉಬ್ಬು. ಹಿಂದಿನ ಚಕ್ರ ಟಕಟಕ ಕುಪ್ಪಳಿಸಿತು, ಹ್ಯಾಂಡಲ್ ಎಡಕ್ಕೂ ಬಲಕ್ಕೂ ತಲೆ ಒದರಿತು... ಗೆಳೆಯ ರಸ್ತೆಯಲ್ಲಿ, ಗಾಡಿ ಗದ್ದೆಯಲ್ಲಿ! ಅವನ ಕೊರಳೆಲುಬು ಮುರಿದಿತ್ತು.

ಮರುದಿನ ಮೈಸೂರಿನ ಹಳೇ ಮೇಸ್ತ್ರಿಯೊಬ್ಬರ ಮುಂದೆ ಗಾಡಿ ನಿಲ್ಲಿಸಿದೆ. "ಯಾರಪ್ಪಾ ಈ ಕೆಲಸ ಮಾಡಿದ್ದು?" ಅಂದರು. ತಲೆ ತಗ್ಗಿಸಿದೆ.

"ಆಸ್ಪತ್ರೇಲಿ ಸ್ಟ್ರೆಚರ್ ಚಕ್ರ ನೋಡಿದ್ಯಾ? ಹಿಡಿದಿರೋ ಕಂಬಿ ಮುಂದೆ, ಚಕ್ರ ಅದರ ಹಿಂದೆ ಎಳ್ಕೊಂಡು ಬರುತ್ತೆ. ಅದಕ್ಕೇ ನೆಟ್ಟಗೆ ಹೋಗೋದು."

ಬೈಕಿನ ಮುಂದಿನ ಚಕ್ರವೂ ಹಾಗೇ ಅಂತೆ. ಓರೆಯಾಗಿರೋ ಹ್ಯಾಂಡಲ್ ಕಂಬದ ಗೆರೆಯನ್ನು ನೆಲದ ತನಕ ಎಳೆದರೆ ಅದು ಟಯರ್ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತೆ. ಆ ಅಂತರಕ್ಕೆ 'ಟ್ರೇಲ್' ಅಂತಾರೆ. ಹಿಂಭಾಗ ಎರಡಿಂಚು ಎತ್ತಿದರೆ ಕಂಬ ಸುಮಾರು 2 ಡಿಗ್ರಿ ನೆಟ್ಟಗಾಗಿ ಟ್ರೇಲ್ ಕಮ್ಮಿಯಾಗುತ್ತೆ. ಹ್ಯಾಂಡಲ್ ಚುರುಕು, ಸಂತೆಯಲ್ಲಿ ನುಸುಳೋಕೆ ಚೆಂದ. ವೇಗದಲ್ಲಿ ಉಬ್ಬು ಸಿಕ್ಕಿದರೆ ಮಾತ್ರ ತಾನಾಗಿ ನೆಟ್ಟಗಾಗೋ ಬುದ್ಧಿ ಇರೋಲ್ಲ.

ಇಷ್ಟೇ ಆಗಿದ್ದರೆ ಬಹುಶಃ ಬಚಾವಾಗ್ತಿದ್ದ. ಸ್ಪ್ರಿಂಗು ಭಾರೀ ಗಾಡಿಯದು, ಗೆಳೆಯ ಸಣಕಲ. ಸವಾರ ಕೂತಾಗ ಅದು ಒಟ್ಟು ಓಡಾಟದಲ್ಲಿ ಕಾಲು ಭಾಗದಷ್ಟಾದರೂ ತಗ್ಗಬೇಕು; ಆಗ ತಾನೇ ಹಳ್ಳ ಬಂದರೆ ಚಕ್ರ ಕೆಳಗಿಳಿದು ನೆಲ ಹಿಡಿಯೋದು? ಇದು ತಗ್ಗಲೇ ಇಲ್ಲ. ಜೊತೆಗೆ ಒಳಗಿನ ಎಣ್ಣೆ ಸೋರಿಹೋಗಿತ್ತು. ಪೆಟ್ಟು ನುಂಗೋದು ಸ್ಪ್ರಿಂಗ್ ಅಂತ ನಾನು ತಿಳಿದಿದ್ದೆ. ಅದು ಇಸಕೊಂಡಿದ್ದನ್ನು ಹಾಗೇ ವಾಪಸ್ ಒದೆಯುತ್ತೆ. ನಿಜಕ್ಕೂ ನುಂಗೋದು ಸಣ್ಣ ತೂತುಗಳಲ್ಲಿ ನುಸುಳಿ ಬಿಸಿಯಾಗೋ ಎಣ್ಣೆ!

"ಮತ್ತೆ 'ಶೋಲೆ' ಬೈಕಿಗೆ ಹಿಂದೆ ಶಾಕಪ್ಸರೇ ಇರ್ಲಿಲ್ವಲ್ಲ ಮೇಸ್ತ್ರಿ?" ಅಂತ ವಾದಿಸಿದೆ. ನಮ್ಮ ರಾಮನಗರದ ಬಂಡೆಗಳ ನಡುವೆ ತಯಾರಾದ 1975ರ ಆ ಚಿತ್ರದ ಬಿ.ಎಸ್.ಎ. ಯುದ್ಧಕಾಲದ ಮಾದರಿ, ಹಿಂದೆ ಬಿಗಿ ಫ್ರೇಮು, ಸ್ಪ್ರಿಂಗು ಸೀಟಿನಡಿ ಮಾತ್ರ.

"ಅದಕ್ಕೆ ಸೈಡ್‌ಕಾರಿನ ಮೂರನೇ ಚಕ್ರ ಇತ್ತಲ್ಲಪ್ಪಾ! ಹಾಡು ಹೇಳ್ಕೊಂಡು ಹೋಗೋಕೆ ಸಾಕು" ಅಂದು ನಕ್ಕರು.

ಹಿಂಭಾಗ ಮುಟ್ಟಲೇಬಾರದು ಅಂತಲ್ಲ. ಬೆಲ್‌ಫಾಸ್ಟಿನ ರೆಕ್ಸ್ ಮೆಕ್‌ಕ್ಯಾಂಡ್ಲೆಸ್ 1940ರ ದಶಕದಲ್ಲಿ ತನ್ನ ಬೈಕಿಗೆ ತಾನೇ ಸ್ವಿಂಗ್ ಆರ್ಮ್ ಕಟ್ಟಿಕೊಂಡ. ಮುಂದೆ ಅವನು ರೂಪಿಸಿದ ಫ್ರೇಮಿನ ನಾರ್ಟನ್ ಏರಿ ಜೆಫ್ ಡ್ಯೂಕ್ 1950ರ ಸೀನಿಯರ್ ಟಿ.ಟಿ. ರೇಸ್ ಗೆದ್ದ. ಅವನಿಗೆ ಚಕ್ರ ನೆಲ ಬಿಡಬಾರದು ಅನ್ನೋ ಹಟ. ನನಗೆ?

ಮೇಸ್ತ್ರಿ ಸರಿಯಾದ ಉದ್ದದ ಜೋಡಿ ಹುಡುಕಿ, ತೂಕಕ್ಕೆ ತಕ್ಕ ಸ್ಪ್ರಿಂಗ್, ಹೊಸ ಎಣ್ಣೆ ಹಾಕಿಕೊಟ್ಟರು. ಅದೇ ನಾಲೆ ರಸ್ತೆ, ಅದೇ ಉಬ್ಬುಗಳು. ಗಾಡಿ ಒಮ್ಮೆ ತಗ್ಗಿ, ಎದ್ದು, ಗೆರೆ ಬಿಡದೆ ದಾಟಿತು.

ಗೆಳೆಯ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಕೂತಿದ್ದಾಗಲೇ ನಿಜ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. "ಕೇಳಿದ್ನಲ್ಲೋ ನಿನ್ನ" ಅಂದ, ಅಷ್ಟೇ.

ಮೂರು ತಿಂಗಳ ಮೇಲೆ ಮತ್ತೊಂದು ಚಿತ್ರದ ಕೆಲಸಕ್ಕೆ ಅಂತ ಬಂದ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಗಿರ್ರನೆ ತಿರುಗಿಸಿ ನೋಡಿದ. ಇಳಿಸಿ, ಎರಡೂ ಕೈಯಲ್ಲಿ ಸೀಟು ಅದುಮಿ ಬಿಟ್ಟ. ಎರಡನೇ ಸಲ ಅದುಮಿದ. ನನ್ನ ಮುಖ ನೋಡದೆ ಕೈ ಚಾಚಿ, "ಕೀ ಕೊಡು" ಅಂದ.